ಇಂದಿನ ಧಮ್ಮ ಚಿಂತನೆ: ಫೋನಿನ ಹೆಸರು



ಐಫೋನ್ ಮೇಲೋ, ಸ್ಯಾಮ್‌ಸಂಗ್ ಮೇಲೋ? ನಮ್ಮ ಮೋರಖಂಡಿಯ ಹುಡುಗರಲ್ಲೂ ಈ ವಾದ ಮುಗಿಯುವುದಿಲ್ಲ. ಫೋನು ಎಂಥದು ಎಂಬ ಮಾತು, ಅದನ್ನು ಹಿಡಿದವನು ಎಂಥವನು ಎಂಬಲ್ಲಿಗೆ ಬಂದಾಗ ನನಗೆ ಅಂಜಿಕೆಯಾಗುತ್ತದೆ. ಹುಟ್ಟಿನ ಹೆಸರಿನಿಂದ ಮನುಷ್ಯನ ಬೆಲೆ ಕಟ್ಟುವುದನ್ನು ತೊರೆದು ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಧಮ್ಮ ಸ್ವೀಕರಿಸಿದರು. ಈಗ ಕಂಪನಿಯ ಹೆಸರಿನಿಂದ ಬೆಲೆ ಕಟ್ಟೋಣವೇ?

ಆ ಹೆಸರಿನ ಹಿಂದೆ ದುಡಿಯುವ ಕೈಗಳೂ ಇವೆ. 2020ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಮಿಕರು ಬಾಕಿ ಪಗಾರಕ್ಕಾಗಿ ಸಿಡಿದೆದ್ದಿದ್ದರು.

ಯಾವುದನ್ನೂ ಪರೀಕ್ಷಿಸಿ ಒಪ್ಪಿರೆಂದು ಬುದ್ಧರು ಕಾಲಾಮರಿಗೆ ತಿಳಿಸಿದರು. ಕೊಳ್ಳುವ ಮೊದಲು ಕೇಳಿಕೊಳ್ಳೋಣ: ನನಗೆ ಬೇಕೇ? ಸಾಲವಿಲ್ಲದೆ ಬರುತ್ತದೆಯೇ? ಎಷ್ಟು ವರ್ಷ ಬಾಳುತ್ತದೆ? ಉಳಿದದ್ದು ತೃಷ್ಣೆ.

ಭವತು ಸಬ್ಬ ಮಂಗಲಂ.