ಜರಡಿಗೊಂದು ತಳ

ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ಇರುವ ಗೆಳತಿ ಈಚೆಗೆ ಆನ್‌ಲೈನಿನಲ್ಲಿ ಒಂದು ಬಟ್ಟಲು ತರಿಸಿದಳು. ನೋಡಲು ಸಾಧಾರಣ ಪ್ಲಾಸ್ಟಿಕ್ ಬೋಗುಣಿ. ಆದರೆ ಅದಕ್ಕೆ ಎರಡು ತಳ. ಮೇಲಿನ ತಳದ ತುಂಬ ತೂತುಗಳು. ಕೆಳಗಿನದು ತಿರುಗಿಸಿ ತೆಗೆಯಬಹುದಾದ ತಟ್ಟೆ. ಮೈಕ್ರೋವೇವಿನಿಂದ ತೆಗೆದ ಪಾಪ್‌ಕಾರ್ನನ್ನು ಸುರಿದು ಎರಡು ಸಲ ಕುಲುಕಿದರೆ ಸಾಕು, ಅರಳದೆ ಉಳಿದ ಕಾಳುಗಳು ತೂತಿನಿಂದ ಇಳಿದು ಮರೆಯಾಗುತ್ತವೆ. ಮೇಲೆ ಬರೀ ಬೆಳ್ಳಗಿನ ಅರಳು. ಕತ್ತಲಲ್ಲಿ ಸಿನಿಮಾ ನೋಡುತ್ತ ಬಾಯಿಗೆ ಹಾಕಿಕೊಂಡರೆ ಹಲ್ಲಿಗೆ ಕಲ್ಲಿನಂಥದ್ದು ಸಿಗುವ ಭಯವಿಲ್ಲ. ಇಂಥದ್ದೇ ಒಂದು ಕಾಳು ಕಡಿದು ದವಡೆ ಹಲ್ಲಿನ ಚೂರು ಕಳೆದುಕೊಂಡು, ರೂಟ್ ಕೆನಾಲ್ ಮಾಡಿಸಿಕೊಂಡವಳು ಅವಳು. ಹಾಗಾಗಿ ಈ ಬಟ್ಟಲನ್ನು ಗೇಲಿ ಮಾಡುವುದು ನನ್ನ ಉದ್ದೇಶವಲ್ಲ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಸಿನಿಮಾ ಮುಗಿದ ಮೇಲೆ ತೊಳೆಯಲೆಂದು ಕೆಳಗಿನ ತಟ್ಟೆ ತಿರುಗಿಸಿದೆ. ಒಂದು ಹಿಡಿ ಕಾಳು. ಇಷ್ಟೊಂದು ಇದ್ದವೇ ಎಂದು ಇಬ್ಬರಿಗೂ ಆಶ್ಚರ್ಯವಾಯಿತು. ಎರಡು ಗಂಟೆ ನಮ್ಮ ಮಡಿಲಲ್ಲೇ ಇದ್ದರೂ ಅವು ಇರುವುದೇ ನಮಗೆ ಮರೆತುಹೋಗಿತ್ತು. ಕಸದ ಬುಟ್ಟಿಗೆ ಸುರಿಯುವಾಗ, ಅದೇ ವಾರ ನಾನು ಮಾಡಿ ಕೊಟ್ಟಿದ್ದ ಒಂದು ಪಟ್ಟಿ ನೆನಪಾಯಿತು. ಆ ಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾಳಿನ ವಿಷಯ.

ಮೈಕ್ರೋವೇವ್‌ಗೂ ಪಾಪ್‌ಕಾರ್ನಿಗೂ ಹುಟ್ಟಿನಿಂದಲೇ ನಂಟು. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಅವರು ರಾಡಾರಿಗೆ ಬಳಸುವ ಮ್ಯಾಗ್ನೆಟ್ರಾನಿನ ಹತ್ತಿರ ನಿಂತಿದ್ದಾಗ ಜೇಬಿನಲ್ಲಿದ್ದ ಸಿಹಿತಿಂಡಿ ಕರಗಿತು. ಆಮೇಲೆ ಅವರು ಅದರ ಎದುರು ಇಟ್ಟು ನೋಡಿದ್ದು ಮೆಕ್ಕೆಜೋಳದ ಕಾಳುಗಳನ್ನು ಎಂಬ ಕಥೆ ಪ್ರಸಿದ್ಧ. ಕಾಳು ಅರಳುವ ರೀತಿ ಸರಳ. ಅದರೊಳಗೆ ಸುಮಾರು ಶೇ. 14ರಷ್ಟು ನೀರು ಇರಬೇಕು. ಬಿಸಿಯಾದಾಗ ಆ ನೀರು ಆವಿಯಾಗಲು ನೋಡುತ್ತದೆ, ಗಟ್ಟಿ ಸಿಪ್ಪೆ ಹೊರಗೆ ಬಿಡುವುದಿಲ್ಲ. ಒತ್ತಡ ಏರುತ್ತಾ ಹೋಗಿ, ಸುಮಾರು 180 ಡಿಗ್ರಿಯ ಹೊತ್ತಿಗೆ ಸಿಪ್ಪೆ ಬಿರಿಯುತ್ತದೆ. ಮೆತ್ತಗಾಗಿದ್ದ ಪಿಷ್ಟ ನೊರೆಯಂತೆ ಉಬ್ಬಿ ಅಲ್ಲೇ ಆರಿ ನಿಲ್ಲುತ್ತದೆ.

ಹಾಗಾದರೆ ಕೆಲವು ಯಾಕೆ ಅರಳುವುದಿಲ್ಲ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 14 ತಳಿಗಳನ್ನು ಮೈಕ್ರೋವೇವಿನಲ್ಲಿಟ್ಟು ನೋಡಿದರು. ಅರಳದೆ ಉಳಿದ ಕಾಳುಗಳ ಪ್ರಮಾಣ ತಳಿಯಿಂದ ತಳಿಗೆ ಶೇ. 4ರಿಂದ 47ರವರೆಗೆ ಇತ್ತು. ಅವರು ಕಂಡುಕೊಂಡ ಕಾರಣ ಸಿಪ್ಪೆಯಲ್ಲಿತ್ತು: ಅದರ ರಚನೆ ಬಿಗಿಯಾಗಿಲ್ಲದಿದ್ದರೆ ತೇವ ಸೋರಿಹೋಗುತ್ತದೆ, ಒತ್ತಡ ಕಟ್ಟುವುದೇ ಇಲ್ಲ. ಇದು ಕಾಳಿನೊಳಗಿನ ಕಾರಣ.

ಇನ್ನೊಂದು ಕಾರಣ ಕಾಳಿನ ಹೊರಗಿದೆ. 2015ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಕಾಳುಗಳನ್ನು ಒಲೆಯಲ್ಲಿಟ್ಟು ಹತ್ತು ಹತ್ತು ಡಿಗ್ರಿ ಏರಿಸುತ್ತ ಹೋದರು. 170 ಡಿಗ್ರಿಯಲ್ಲಿ ಅರಳಿದ್ದು ನೂರಕ್ಕೆ 34. 180ರಲ್ಲಿ 96. ಈ ಎರಡು ಅಂಕಿಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. 170ಕ್ಕೇ ಒಲೆ ಆರಿಸಿ ಜರಡಿ ಹಿಡಿದಿದ್ದರೆ 66 ಕಾಳು ಕೆಳಗೆ ಬೀಳುತ್ತಿದ್ದವು. ಅವುಗಳಲ್ಲಿ 62ಕ್ಕೆ ಇದ್ದ ಕೊರತೆ ಹತ್ತು ಡಿಗ್ರಿ ಮಾತ್ರ. ಉಳಿದ ನಾಲ್ಕರ ಕಥೆ ಬೇರೆ. ಆದರೆ ಜರಡಿಯ ಕೆಳಗೆ ಬಿದ್ದ ಮೇಲೆ ಆ ನಾಲ್ಕನ್ನೂ ಈ ಅರುವತ್ತೆರಡನ್ನೂ ಕಣ್ಣಿನಿಂದ ಬೇರೆ ಮಾಡಲಾಗದು. ಎಲ್ಲವೂ ಒಂದೇ ಬಣ್ಣ, ಒಂದೇ ಗಾತ್ರ. ಎಲ್ಲಕ್ಕೂ ಒಂದೇ ಹೆಸರು: ಅರಳದವು.

ಒಲೆ ಯಾವಾಗ ಆರಿಸಬೇಕು ಎನ್ನುವುದನ್ನು ಕಾಳು ತೀರ್ಮಾನಿಸುವುದಿಲ್ಲ. ಸಿಡಿಯುವ ಸದ್ದುಗಳ ನಡುವೆ ಎರಡು ಮೂರು ಸೆಕೆಂಡಿನ ಅಂತರ ಬಂದಾಗ ನಿಲ್ಲಿಸಿ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಅದಕ್ಕೆ ಕಾರಣವೂ ಇದೆ. ಇನ್ನೂ ಕಾದರೆ ಮೊದಲೇ ಅರಳಿದವು ಸೀದುಹೋಗುತ್ತವೆ. ಅಂದರೆ ಅರಳಿದವುಗಳನ್ನು ಕಾಪಾಡಲು ನಾವು ಒಂದು ಗಳಿಗೆಯಲ್ಲಿ ನಿಲ್ಲಿಸುತ್ತೇವೆ. ತಡವಾಗಿ ಅರಳಬಹುದಾಗಿದ್ದ ಕೆಲವು ಆ ಗಳಿಗೆಯ ಆಚೆ ಉಳಿಯುತ್ತವೆ. ಇದು ತಪ್ಪು ಎಂದು ನಾನು ಹೇಳುವುದಿಲ್ಲ, ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು. ಆದರೆ ನಿಲ್ಲಿಸಿದ್ದು ನಾವು. ಬಟ್ಟಲು ಕುಲುಕುವ ಹೊತ್ತಿಗೆ ಇದು ಮರೆತುಹೋಗುತ್ತದೆ, ನಮ್ಮ ತೀರ್ಮಾನವೊಂದು ಕಾಳಿನ ಗುಣವಾಗಿಬಿಡುತ್ತದೆ.

ಆ ಮರೆವು ಹೆಸರಿನಲ್ಲೂ ಕೂತಿದೆ. ಅಮೆರಿಕದಲ್ಲಿ ಅರಳದ ಕಾಳುಗಳಿಗೆ ‘ಓಲ್ಡ್ ಮೇಡ್ಸ್’ ಎನ್ನುವ ಹಳೆಯ ಹೆಸರಿದೆ. ಮದುವೆಯಾಗದೆ ವಯಸ್ಸಾದ ಹೆಂಗಸರು ಎಂದರ್ಥ. ಯಾರೋ ತಮಾಷೆಗೆ ಇಟ್ಟಿದ್ದಿರಬೇಕು. ನೆಂಟರ ಮನೆಯ ಮದುವೆಗಳಲ್ಲಿ ಆ ತಮಾಷೆ ನನ್ನನ್ನೂ ತಾಗುವಷ್ಟು ವಯಸ್ಸು ನನಗೂ ಆಗಿದೆ. ಹೆಸರು ಮಾಡುವ ಕೆಲಸವನ್ನು ಗಮನಿಸಿ: ಏನೋ ಒಂದು ಆಗಲಿಲ್ಲ ಎನ್ನುವುದನ್ನು ಅದು ಇವರು ಇಂಥವರು ಎಂದು ಬದಲಾಯಿಸುತ್ತದೆ. ಬಯಸಲಿಲ್ಲವೋ, ಸಮಯ ಕೂಡಿಬರಲಿಲ್ಲವೋ, ಬೇರೆ ದಾರಿ ಹಿಡಿದರೋ ಎಂದು ಕೇಳುವ ಅಗತ್ಯವೇ ಇಲ್ಲದಂತೆ ಮಾಡುತ್ತದೆ.

ಈಗ ಪಟ್ಟಿಯ ಮಾತು. ಸಂಶೋಧನೆಯ ಜೊತೆಗೆ ನಾನು ವಾರಕ್ಕೆ ನಾಲ್ಕು ಗಂಟೆ ಬಿಎ ತರಗತಿಗೆ ಪಾಠ ಮಾಡುತ್ತೇನೆ. ಮೊದಲ ಕಿರುಪರೀಕ್ಷೆ ಮುಗಿದ ಮೇಲೆ ‘ನಿಧಾನ ಕಲಿಕೆಯ’ ವಿದ್ಯಾರ್ಥಿಗಳ ಹೆಸರು ಕೊಡಿ ಎಂದು ಕಚೇರಿಯಿಂದ ನಮೂನೆ ಬಂತು. ಅಂಥವರನ್ನು ಗುರುತಿಸಿದರೆ ತಾನೇ ಅವರಿಗೆ ಹೆಚ್ಚಿನ ಪಾಠ ಮಾಡಲು ಸಾಧ್ಯ? ಉದ್ದೇಶದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಪ್ಪತ್ತಕ್ಕೆ ಎಂಟು ಮತ್ತು ಅದಕ್ಕಿಂತ ಕಡಿಮೆ ಬಂದವರನ್ನು ಆರಿಸಿದೆ. ಹನ್ನೊಂದು ಹೆಸರು. ಹತ್ತು ನಿಮಿಷದ ಕೆಲಸ.

ಮರುವಾರ ಆ ಹನ್ನೊಂದರಲ್ಲಿ ಒಬ್ಬಳು ತರಗತಿ ಮುಗಿದ ಮೇಲೆ ನಿಂತಳು. “ಮೇಡಂ, ಆ ಲಿಸ್ಟಲ್ಲಿ ನನ್ನ ಹೆಸರು ಯಾಕಿದೆ?” ಎಂದಳು. ನಾನು ಅಂಕದ ಪುಸ್ತಕ ತೆರೆದು, “ಎಂಟು ಬಂದಿದೆ ನೋಡು” ಎಂದೆ. “ಎಷ್ಟು ಬಂದಿದೆ ಅಂತ ಗೊತ್ತು ಮೇಡಂ. ಯಾಕೆ ಅಂತ ಕೇಳಿದೆ.”

ನನ್ನ ಬಳಿ ಉತ್ತರವಿರಲಿಲ್ಲ. ಅವಳ ಉತ್ತರಪತ್ರಿಕೆಯನ್ನು ಮತ್ತೆ ತೆಗೆದು ನೋಡಿದೆ. ಐದು ಪ್ರಶ್ನೆಗಳಲ್ಲಿ ಮೊದಲ ಎರಡಕ್ಕೆ ಪೂರ್ತಿ ಅಂಕ. ದುಂಡು ಅಕ್ಷರ, ತೂಗಿ ಬರೆದ ವಾಕ್ಯಗಳು. ಮೂರನೆಯದರ ಮೊದಲ ವಾಕ್ಯ ಅರ್ಧಕ್ಕೆ ನಿಂತಿತ್ತು. ಅಷ್ಟೇ. ಪರೀಕ್ಷೆಗೆ ಕೊಟ್ಟಿದ್ದು ಮುಕ್ಕಾಲು ಗಂಟೆ, ಅದೂ ಮುಂದಿನ ತರಗತಿಗೆ ಆ ಕೋಣೆ ಬೇಕಿತ್ತು ಎಂಬ ಕಾರಣಕ್ಕೆ. ಹಾಗೆ ನೋಡಿದರೆ ಅವಳು ನಿಧಾನ, ನಿಜ. ನಾವು ಬೇಗ ನಿಲ್ಲಿಸಿದೆವು ಎನ್ನುವುದೂ ಅಷ್ಟೇ ನಿಜ. ಪಟ್ಟಿಯಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗವಿತ್ತು.

ಆ ಹನ್ನೊಂದೂ ಜನ ಅವಳಂಥವರೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದರಲ್ಲೊಬ್ಬ ಹುಡುಗ ಇಡೀ ಮುಕ್ಕಾಲು ಗಂಟೆ ಕೂತು ಪ್ರಶ್ನೆಸಂಖ್ಯೆ ಮಾತ್ರ ಬರೆದಿದ್ದ. ಮಾತಾಡಿಸಿದೆ. ಬೇರೆಲ್ಲೂ ಸೀಟು ಸಿಗದೆ ಬಂದವನು, ಈ ವಿಷಯ ತನಗೆ ಬೇಡವೆಂದು ಸಂಕೋಚವಿಲ್ಲದೆ ಹೇಳಿದ. ಅವನಿಗೆ ಇನ್ನೂ ಒಂದು ಗಂಟೆ ಕೊಟ್ಟಿದ್ದರೂ ಏನೂ ಆಗುತ್ತಿರಲಿಲ್ಲ. ನಾವು ಮಾಡಲಿರುವ ಹೆಚ್ಚಿನ ಪಾಠದಿಂದಲೂ ಆಗುವುದಿಲ್ಲ. ಅವನಿಗೆ ಬೇಕಿರುವುದು ಇಲ್ಲಿಂದ ಹೊರಡುವ ದಾರಿ. ಒಂದೇ ಪಟ್ಟಿಯ ಇಬ್ಬರಿಗೆ ಎರಡು ಬೇರೆ ಔಷಧ. ಕಾರಣ ಕೇಳದೆ ಮಾಡಿದ ಪಟ್ಟಿಯಿಂದ ಇಬ್ಬರಿಗೂ ಸಿಕ್ಕಿದ್ದು ಒಂದೇ ಹಣೆಪಟ್ಟಿ.

ಎಷ್ಟು ಬೇಯಿಸಿದರೂ ಬೇಯದ ಹೆಸರುಕಾಳು ಅಡುಗೆ ಮಾಡುವವರಿಗೆಲ್ಲ ಗೊತ್ತು. ಜೈನ ದಾರ್ಶನಿಕರು ಅದನ್ನೇ ಹಿಡಿದು ನಮ್ಮ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಯೋಚಿಸಿದ್ದರು. ಮೋಕ್ಷದ ಯೋಗ್ಯತೆ ಇರುವ ಜೀವ ಭವ್ಯ, ಎಂದೂ ಇಲ್ಲದ ಜೀವ ಅಭವ್ಯ. ಸಮಂತಭದ್ರರ ‘ಆಪ್ತಮೀಮಾಂಸೆ’ ಜೀವದ ಶುದ್ಧಿ ಅಶುದ್ಧಿಗಳ ಶಕ್ತಿಯನ್ನು ಬೇಯುವ ಮತ್ತು ಬೇಯದ ಶಕ್ತಿಗಳಿಗೆ ಹೋಲಿಸಿ, ಸ್ವಭಾವವೆಂಬುದು ತರ್ಕಕ್ಕೆ ಸಿಗುವ ವಿಷಯವಲ್ಲ ಎನ್ನುತ್ತದೆ. ಮೊದಲ ಸಲ ಓದಿದಾಗ ಇದು ನನಗೆ ಕಠೋರವಾಗಿ ಕಂಡಿತ್ತು. ಕೆಲವರು ಎಂದೆಂದಿಗೂ ಆಗುವುದಿಲ್ಲ ಎಂದರೆ ಹೇಗೆ? ಈಗ ಅದರ ಇನ್ನೊಂದು ಮಗ್ಗುಲು ಕಾಣುತ್ತಿದೆ. ಯಾವ ಜೀವ ಭವ್ಯ, ಯಾವುದು ಅಭವ್ಯ ಎಂದು ತಿಳಿಯುವುದು ಸರ್ವಜ್ಞನಾದ ಕೇವಲಿಗೆ ಮಾತ್ರ ಎಂಬುದು ಆ ಪರಂಪರೆಯ ನಿಲುವು. ಅಂದರೆ ಬೇಯದ ಕಾಳು ಇದೆ ಎಂದು ಒಪ್ಪಿದವರೂ, ಅವುಗಳ ಪಟ್ಟಿ ಮಾಡುವ ಅಧಿಕಾರವನ್ನು ನಮ್ಮಂಥವರ ಕೈಗೆ ಕೊಡಲಿಲ್ಲ. ನಾವು ಹತ್ತು ನಿಮಿಷದಲ್ಲಿ ಕೊಡುತ್ತೇವೆ.

ಇಲ್ಲಿ ಒಂದು ಸುಲಭದ ಸಮಾಧಾನವನ್ನೂ ದೂರ ಇಡಬೇಕು. ಅರಳದ ಕಾಳನ್ನು ಬಿತ್ತಿದರೆ ಮೊಳೆಯುತ್ತದೆ, ಆದ್ದರಿಂದ ಅದೇ ಶ್ರೇಷ್ಠ ಎಂದು ಹೇಳಲು ಚೆಂದ. ಆದರೆ ಅಷ್ಟು ಕಾದ ಕಾಳು ಮೊಳೆಯುವುದಿಲ್ಲ, ಅದರೊಳಗಿನ ಜೀವ ಬೆಂದಿರುತ್ತದೆ. ಕೆಳಗೆ ಬಿದ್ದವರಿಗೆಲ್ಲ ಗುಟ್ಟಾದ ಹಿರಿಮೆಯೊಂದು ಇರುತ್ತದೆಂದು ನಂಬುವುದೂ ಅವರನ್ನು ನೋಡದಿರುವ ಇನ್ನೊಂದು ಬಗೆ. ಕನ್ನಡದಲ್ಲಿ ಹೂವೂ ಅರಳುತ್ತದೆ, ಕಾಳೂ ಅರಳುತ್ತದೆ. ಆದರೆ ಹೂವಿಗೆ ಅದು ಮುಂದಿನ ಕಾಯಿಗೆ ದಾರಿ, ಕಾಳಿಗೆ ಅಲ್ಲಿಗೆ ಮುಗಿಯಿತು. ಮಕ್ಕಳು ಅರಳಬೇಕು ಎಂದು ನಾವು ಭಾಷಣದಲ್ಲಿ ಹೇಳುವಾಗ ಯಾವ ಅರಳುವಿಕೆ ಮನಸ್ಸಿನಲ್ಲಿರುತ್ತದೆಯೋ, ಪರೀಕ್ಷೆಯ ಕೋಣೆಯಲ್ಲಿ ಎರಡನೆಯದೇ ನಡೆಯುತ್ತಿರುತ್ತದೆ ಎಂದು ಕೆಲವೊಮ್ಮೆ ಅನ್ನಿಸುತ್ತದೆ.

ನಮ್ಮದು ಗದಗದ ಕಡೆಯ ಊರು. ನಾಗರಪಂಚಮಿಗೆ ಮನೆಯಲ್ಲಿ ಜೋಳದ ಅಳ್ಳು ಹುರಿಯುತ್ತಾರೆ. ಅವ್ವ ಮೊದಲೇ ಜೋಳ ನೆನೆಸಿ, ಬಸಿದು, ಬಟ್ಟೆ ಮುಚ್ಚಿಡುತ್ತಾಳೆ. ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಆಡಿಸುತ್ತಾಳೆ. ಆಮೇಲೆ ಸಾಣಿಗೆಗೆ ಹಾಕಿ ಜಾಲಿಸುತ್ತಾಳೆ. ನಮ್ಮ ಕಡೆ ಜರಡಿಗೆ ಸಾಣಿಗೆ ಎನ್ನುತ್ತೇವೆ. ಅರಳದವು ಕೆಳಗಿನ ಮರದಲ್ಲಿ ಬೀಳುತ್ತವೆ. ಮೊದಲ ಹಿಡಿ ಮುಗಿದ ಕೂಡಲೇ ಅವಳು ನೋಡುವುದು ಅರಳಿದ್ದನ್ನಲ್ಲ, ಮರದಲ್ಲಿ ಬಿದ್ದದ್ದನ್ನು. ಹೆಚ್ಚು ಬಿದ್ದಿದ್ದರೆ “ಬಾಣಲಿ ಇನ್ನೂ ಕಾದಿಲ್ಲ” ಎನ್ನುತ್ತಾಳೆ, ಇಲ್ಲವೇ “ಕಾಳು ನೀರ ಕುಡದಿಲ್ಲ” ಎನ್ನುತ್ತಾಳೆ. ಉರಿ ಹೆಚ್ಚಿಸುತ್ತಾಳೆ, ಅಥವಾ ಉಳಿದ ಜೋಳಕ್ಕೆ ನೀರು ಚಿಮುಕಿಸಿ ಮತ್ತೆ ಮುಚ್ಚುತ್ತಾಳೆ. ಕೊನೆಗೂ ಅರಳದವು ಕೋಳಿಗೆ. ಅವಳಿಗೆ ಕಾಳಿನ ಮೇಲೆ ಕರುಣೆಯೇನೂ ಇಲ್ಲ. ಆದರೆ ಕಾಳನ್ನು ಬಯ್ಯುವ ಮೊದಲು ಉರಿಯನ್ನೂ ನೀರನ್ನೂ ತನ್ನ ಕೈಯನ್ನೂ ವಿಚಾರಿಸಿಕೊಳ್ಳುತ್ತಾಳೆ.

ಹಬ್ಬಕ್ಕೆ ಹೋದಾಗ ಗೆಳತಿಯ ಬಟ್ಟಲಿನ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಸಾಣಿಗಿಗೆ ತಳಾ ಹಚ್ಚ್ಯಾರಲ್ಲವಾ! ಎಷ್ಟ ಉಳೀತು ಅಂತ ಹೆಂಗ ತಿಳೀಬೇಕು?” ಎಂದಳು.

ನಾನು ಹೇಳಲು ಒದ್ದಾಡುತ್ತಿದ್ದುದು ಅದೇ. ಬೇರೆ ಮಾಡುವುದರಲ್ಲಿ ತಪ್ಪಿಲ್ಲ. ಹಲ್ಲು ಉಳಿಯಬೇಕು, ತರಗತಿ ನಡೆಯಬೇಕು, ಯಾರಿಗೆ ಏನು ಬೇಕೆಂದು ತಿಳಿಯಬೇಕಾದರೆ ಎಲ್ಲೋ ಒಂದು ಜರಡಿ ಹಿಡಿಯಲೇಬೇಕು. ತಪ್ಪು ಶುರುವಾಗುವುದು ಬಿದ್ದದ್ದು ಕಾಣದಂತೆ ತಳ ಕಟ್ಟಿದಾಗ. ಯಾವುದು ಉಳಿಯಿತು ಎನ್ನುವುದಕ್ಕಷ್ಟೇ ಜರಡಿಯಲ್ಲಿ ಉತ್ತರವಿದೆ. ಯಾಕೆ ಉಳಿಯಿತು ಎಂದು ನಾವೇ ಬಗ್ಗಿ ನೋಡಬೇಕು. ಮೊದಲನೆಯ ಉತ್ತರವನ್ನೇ ಎರಡನೆಯದಕ್ಕೂ ಒಪ್ಪಿಸಿಬಿಡುವ ಸೋಮಾರಿತನ ಅಷ್ಟು ಅನುಕೂಲದ್ದಾದ್ದರಿಂದಲೇ ಅದು ಅನ್ಯಾಯವೆಂದು ಅನ್ನಿಸುವುದಿಲ್ಲ.

ಊರಿನಿಂದ ಬಂದ ಮೇಲೆ ಆ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಕಾರಣ ಬರೆದು ಮತ್ತೆ ಕೊಡಲು ಹೋದೆ. ನಮೂನೆಯಲ್ಲಿ ಅಂಥ ಕಾಲಂ ಇಲ್ಲ ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹನ್ನೊಂದರಲ್ಲಿ ಏಳು ಹೆಸರಿನ ಮುಂದೆ ಏನೋ ಬರೆಯಲು ಸಾಧ್ಯವಾಗಿದೆ, ನಾಲ್ಕು ಇನ್ನೂ ಖಾಲಿ. ಎರಡನೇ ಕಿರುಪರೀಕ್ಷೆಗೆ ಒಂದೂವರೆ ಗಂಟೆ ಸಿಗುವ ಕೋಣೆ ಹುಡುಕಿದೆ. ಬೇಗ ಬರೆದು ಮುಗಿಸಿದವರು ಸುಮ್ಮನೆ ಕೂರಬೇಕಾಯಿತು, ಗೊಣಗಿದರು. ಅವರ ಗೊಣಗಾಟವೂ ನ್ಯಾಯವಾದದ್ದೇ.

ಕಳೆದ ಶುಕ್ರವಾರ ನಾನೇ ಪಾಪ್‌ಕಾರ್ನ್ ಮಾಡಿದೆ. ಸದ್ದು ನಿಂತ ಮೇಲೂ ಇಪ್ಪತ್ತು ಸೆಕೆಂಡು ಹೆಚ್ಚು ಬಿಟ್ಟೆ. ಸಿನಿಮಾ ಹಚ್ಚುವ ಮೊದಲೇ ಕೆಳಗಿನ ತಟ್ಟೆ ತಿರುಗಿಸಿ ನೋಡಿದೆ: ಕಾಳು ಕಡಿಮೆ ಬಿದ್ದಿದ್ದವು. ಮೇಲೆ ಒಂದಷ್ಟು ಅರಳು ಕಪ್ಪಾಗಿತ್ತು, ಕೋಣೆಯೆಲ್ಲ ಸೀದ ವಾಸನೆ. ಗೆಳತಿ ಕಿಟಕಿ ತೆರೆದು, “ಮುಂದಿನ ಸಲ ಹತ್ತು ಸೆಕೆಂಡು ಸಾಕು” ಎಂದಳು. ಹತ್ತೋ, ಹದಿನೈದೋ, ಇನ್ನೂ ಗೊತ್ತಾಗಿಲ್ಲ. ಪ್ರತಿ ಸಲ ತಟ್ಟೆ ತೆರೆದು ನೋಡಿಯೇ ತಿಳಿಯಬೇಕು.