ಸೇವೆಗೆ ಗಂಟೆಯ ಲೆಕ್ಕವೇ?

ರೋಗಿಯ ನಾಡಿ ಎಣಿಸಲು ಗಡಿಯಾರ ನೋಡುವವರು ತಮ್ಮ ಕೂಲಿ ಎಣಿಸಲೂ ಅದನ್ನೇ ನೋಡಬಹುದೇ? ಮೂಟೆ ಹೊರುವವನು ಹೆಚ್ಚು ಹೊತ್ತು ದುಡಿದು ಹೆಚ್ಚು ಹಣ ಕೇಳಿದರೆ ಅದು ಸಹಜವೆನ್ನುತ್ತೇವೆ. ಓದಿದವನು ಕೇಳಿದರೆ ಹುಬ್ಬೇರಿಸುತ್ತೇವೆ. ನಮ್ಮ ಈ ಭಾವನೆಯಲ್ಲಿ ನ್ಯಾಯವೆಷ್ಟು, ಅಭ್ಯಾಸವೆಷ್ಟು ಎಂದು ವಿಚಾರಿಸುವುದಕ್ಕೆ ಅಮೆರಿಕದ ಒಂದು ವೃತ್ತಿ ಒಳ್ಳೆಯ ನಿದರ್ಶನವಾಗಿದೆ.

ಅಲ್ಲಿ ‘ಫಿಸಿಷಿಯನ್ ಅಸಿಸ್ಟೆಂಟ್’ ಎಂಬ ವರ್ಗದವರಿದ್ದಾರೆ. ವೈದ್ಯ ಸಹಾಯಕರೆಂದು ಕರೆಯೋಣ. ವೈದ್ಯರ ಅಭಾವವಿದ್ದ ಕಾಲದಲ್ಲಿ, 1965ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯುಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ವೈದ್ಯಕೀಯ ಕೆಲಸ ಮಾಡಿ ಬಂದಿದ್ದ ನಾಲ್ವರಿಗೆ ಶಿಕ್ಷಣ ಕೊಡಲಾರಂಭಿಸಿದರು. ಈ ವೃತ್ತಿಯ ಆರಂಭ ಅದೇ. ಇಂದು ಇವರು ರೋಗಿಯನ್ನು ಪರೀಕ್ಷಿಸುತ್ತಾರೆ, ಔಷಧಿ ಬರೆದುಕೊಡುತ್ತಾರೆ, ಗಾಯಕ್ಕೆ ಹೊಲಿಗೆ ಹಾಕುತ್ತಾರೆ, ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುತ್ತಾರೆ. ವಿದ್ಯೆಯಲ್ಲಾಗಲಿ ಹೊಣೆಯಲ್ಲಾಗಲಿ ಇವರು ಸಾಮಾನ್ಯರಲ್ಲ.

ಅಮೆರಿಕದಲ್ಲಿ 1938ರ ಕಾರ್ಮಿಕ ಕಾಯಿದೆಯ ಪ್ರಕಾರ ವಾರಕ್ಕೆ 40 ಗಂಟೆ ಮೀರಿ ದುಡಿಸಿದರೆ ಮೀರಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು ವೇತನ ಕೊಡಬೇಕು. ಆದರೆ ವಿದ್ಯಾವಂತ ವೃತ್ತಿಯವರನ್ನು ಇದರಿಂದ ಹೊರಗಿಡಲಾಗಿದೆ. ಹಾಗೆ ಹೊರಗಿಡಬೇಕಾದರೆ ಎರಡು ಷರತ್ತು. ಮಾಡುವ ಕೆಲಸ ಆ ದರ್ಜೆಯದಾಗಿರಬೇಕು. ಕೊಡುವುದು ನಿಗದಿಯಾದ ಸಂಬಳವಾಗಿರಬೇಕು. ವೈದ್ಯ ಸಹಾಯಕರು ಮೊದಲನೆಯ ಷರತ್ತಿಗೆ ಸಾಮಾನ್ಯವಾಗಿ ಒಳಪಡುತ್ತಾರೆ. ಎರಡನೆಯದಕ್ಕೆ, ಗಂಟೆಗಿಷ್ಟೆಂದು ಮಾತ್ರ ಕೂಲಿ ಪಡೆಯುವವರು ಒಳಪಡುವುದಿಲ್ಲ. ಆದ್ದರಿಂದ ಅವರಿಗೆ ಓವರ್‌ಟೈಮ್ ಸಲ್ಲಬೇಕು. ಗಂಟೆಗೆ 60 ಡಾಲರ್ ಎಂದಿಟ್ಟುಕೊಂಡರೆ, 50 ಗಂಟೆ ದುಡಿದ ವಾರಕ್ಕೆ ಸಲ್ಲಬೇಕಾದದ್ದು 3000 ಅಲ್ಲ, 3300.

ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಸಿಬ್ಬಂದಿ ಒದಗಿಸುತ್ತಿದ್ದ ಸಂಸ್ಥೆಯೊಂದು ಇದನ್ನೊಪ್ಪದೆ ವಾದಿಸಿತು. ಡಾಕ್ಟರುಗಳಿಗೆ, ವಕೀಲರಿಗೆ, ಅಧ್ಯಾಪಕರಿಗೆ ಸಂಬಳದ ಷರತ್ತು ಅನ್ವಯಿಸದು. ವೈದ್ಯ ಸಹಾಯಕರೂ ವೈದ್ಯವೃತ್ತಿಯವರೇ ಅಲ್ಲವೆ ಎಂಬುದು ಅದರ ವಾದ. 2006ರಲ್ಲಿ ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಆ ವಿನಾಯಿತಿ ವೈದ್ಯರಿಗೆ ಸೇರಿದ್ದು, ಸಹಾಯಕರಿಗಲ್ಲ ಎಂದು ತೀರ್ಪಿತ್ತಿತು. ಸೋಜಿಗವೆಂದರೆ, ಹಣ ಕೊಡಬೇಕಾದಾಗ ಮಾತ್ರ ಸಹಾಯಕರಿಗೆ ಡಾಕ್ಟರರ ಗೌರವ ದೊರೆಯಿತು!

ಈ ಕಾಯಿದೆಯಲ್ಲಿ ನಮಗೆ ಮೆಚ್ಚಿಕೆಯಾದದ್ದು ಅದರ ಅಡಿಯಲ್ಲಿರುವ ನೀತಿ. ನಿಗದಿ ಸಂಬಳವೆಂದರೆ ಒಂದು ಒಪ್ಪಂದ. ನೌಕರನು ಹೊತ್ತು ಮೀರಿದರೆ ಲೆಕ್ಕ ಕೇಳುವುದಿಲ್ಲ. ಒಂದು ದಿನ ಎರಡು ಗಂಟೆ ಬೇಗ ಹೊರಟರೆ ಧಣಿಯೂ ಸಂಬಳ ಕತ್ತರಿಸುವುದಿಲ್ಲ. ಇಬ್ಬರೂ ಗಡಿಯಾರವನ್ನು ಕೆಳಗಿಡುತ್ತಾರೆ. ಗಂಟೆಯ ಕೂಲಿಯಲ್ಲಿ ಹಾಗಲ್ಲ. ರೋಗಿಗಳು ಕಡಿಮೆಯಾದ ದಿನ ಗಂಟೆ ಎಣಿಸಿ ಮನೆಗೆ ಕಳಿಸಿ, ರೋಗಿಗಳು ತುಂಬಿದ ರಾತ್ರಿ ‘ಇದು ಸೇವೆ, ಎಣಿಸಬಾರದು’ ಎನ್ನುವುದು ಕೊಳ್ಳುವಾಗ ಒಂದು ಸೇರು, ಮಾರುವಾಗ ಇನ್ನೊಂದು ಸೇರು ಇಟ್ಟುಕೊಂಡಂತೆ. ಅಳೆಯುವುದಾದರೆ ಪೂರ್ತಿ ಅಳೆಯಬೇಕು. ದಿನದ ದರದಲ್ಲಿ ವರ್ಷಕ್ಕೆ ಎರಡು ಲಕ್ಷ ಡಾಲರಿಗೂ ಮಿಕ್ಕಿ ಗಳಿಸುತ್ತಿದ್ದ ತೈಲಬಾವಿಯ ನೌಕರನಿಗೂ ಓವರ್‌ಟೈಮ್ ಸಲ್ಲುತ್ತದೆಂದು ಆ ದೇಶದ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದ್ದೂ ಇದೇ ನೀತಿಯಿಂದ. ಪ್ರಶ್ನೆ ಗಳಿಕೆ ಎಷ್ಟೆಂಬುದಲ್ಲ, ಅಳತೆ ಯಾವುದೆಂಬುದು.

‘ಹಾಗಾದರೆ ಕಾಯಕದ ಆದರ್ಶವೇನಾಯಿತು?’ ಎಂದು ವಾಚಕರು ಕೇಳಬಹುದು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೆನೆಯೋಣ. ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದಳು. ಆದರೆ ಹಾಗೆ ಹೇಳಿದವಳು ಆಕೆ, ಮಹಾಮನೆಯ ಉಗ್ರಾಣದವನಲ್ಲ. ತ್ಯಾಗ ಮಾಡುವ ಹಕ್ಕು ಕೈಯಲ್ಲಿ ವಸ್ತುವಿದ್ದವನದು. ತಾನಾಗಿ ಬಿಟ್ಟುಕೊಟ್ಟರೆ ಅದು ದಾಸೋಹ. ಇನ್ನೊಬ್ಬರು ಇಟ್ಟುಕೊಂಡರೆ ಅದು ಬಾಕಿ.

ಲಕ್ಕಮ್ಮನ ಮಾತು ನಮ್ಮ ಮೇಲೂ ತಿರುಗುತ್ತದೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಓವರ್‌ಟೈಮ್ ಭತ್ಯೆ ಇದ್ದ ದಿನಗಳಲ್ಲಿ, ಮಧ್ಯಾಹ್ನವೇ ಮುಗಿಯಬಹುದಾದ ಫೈಲು ಸಂಜೆ ಐದೂವರೆಯ ನಂತರ ಬಿಚ್ಚಿಕೊಳ್ಳುತ್ತಿದ್ದುದನ್ನು ನಾವು ಬಲ್ಲೆವು. ಬಲ್ಲೆವು ಎಂದರೆ ಪೂರ್ತಿ ನಿಜವಾಗದು. ಒಂದೆರಡು ಬಾರಿ ಹಾಗೆ ಬಿಚ್ಚಿದ ಕೈ ನಮ್ಮದೂ ಹೌದು. 2018ರಲ್ಲಿ, ಕೆಲವು ವರ್ಗದವರನ್ನು ಬಿಟ್ಟು ಉಳಿದವರಿಗೆ, ಆ ಭತ್ಯೆ ನಿಂತಿತು. ನಾವು ಗೊಣಗಿದೆವು, ಗೊಣಗುವಾಗ ಆ ಫೈಲಿನ ನೆನಪು ಬಂದು ದನಿ ತಗ್ಗಿದ್ದೂ ಉಂಟು. ಪೂರ್ತಿ ಅಳೆಯಬೇಕೆಂಬ ಮಾತು ಧಣಿಗೆ ಮಾತ್ರ ಹೇಳಿದ್ದಲ್ಲ.

ಇಷ್ಟಾದರೂ ಹದಿನಾಲ್ಕನೆಯ ಗಂಟೆಯಲ್ಲಿ ಹೊಲಿಗೆ ಹಾಕುವ ಕೈ ಫೈಲು ಬಿಚ್ಚುವ ಕೈಯಲ್ಲ. ಆ ಕೈ ಸೋತರೆ ನೋಯುವವನು ರೋಗಿ. ಹೆಚ್ಚಿನ ಗಂಟೆ ತುಟ್ಟಿಯಾದಾಗಲೇ ಇನ್ನೊಬ್ಬರನ್ನು ನೇಮಿಸುವ ಯೋಚನೆ ಧಣಿಗೆ ಹೊಳೆಯುವುದು. ಹಾಗೆ ನೋಡಿದರೆ ಆ ಅರ್ಧ ಪಟ್ಟು ಹಣ ಸಹಾಯಕನಿಗೆ ಸಂದರೂ ಅದರ ಕಾವಲು ಇರುವುದು ಹಾಸಿಗೆಯ ಮೇಲೆ ಮಲಗಿದವನಿಗೆ. ಸೇವೆಯ ಹೆಸರಿನಲ್ಲಿ ಲೆಕ್ಕ ಬೇಡವೆನ್ನುವವರು ಅವನನ್ನೊಮ್ಮೆ ಕೇಳಿ ನೋಡಲಿ.