ವೃದ್ಧರ ವಿದ್ಯಾಮನೆಯೂ ದಾಸೋಹದೃಷ್ಟಿಯೂ

ದಾನವೂ ದಾಸೋಹವೂ ಹೊರನೋಟಕ್ಕೆ ಒಂದೇ ಆಗಿ ತೋರುವುವು. ಎರಡರಲ್ಲಿಯೂ ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ಪದಾರ್ಥವು ಸಲ್ಲುವುದು. ಆದರೆ ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು, ಕೊಳ್ಳುವವನು ಜಂಗಮಸ್ವರೂಪನು. ಪದದ ವಿಗ್ರಹವೇ ಇದನ್ನು ಹೇಳುತ್ತದೆ. ಸಮೃದ್ಧಿಯ ಕಾಲದಲ್ಲಿ ಈ ಭೇದವು ಅಷ್ಟಾಗಿ ಎದ್ದು ಕಾಣದು. ಕಣಜವು ತುಂಬಿದ್ದಾಗ ದಾನಿಯೂ ಕೊಡುವನು, ದಾಸೋಹಿಯೂ ಕೊಡುವನು. ಕಣಜದ ತಳ ಕಾಣತೊಡಗಿದಾಗ ದಾನಿಯು ಇನ್ನೆಷ್ಟು ಉಳಿದಿದೆಯೆಂದು ಎಣಿಸುವನು. ದಾಸೋಹಿಯು ಇನ್ನು ಯಾರು ಪಂಕ್ತಿಗೆ ಬರಬೇಕಾಗಿದೆಯೆಂದು ಬಾಗಿಲ ಕಡೆಗೆ ನೋಡುವನು.

ಅನ್ನದ ವಿಷಯದಲ್ಲಿ ಈ ಮಾತನ್ನು ಎಲ್ಲರೂ ಒಪ್ಪುವರು. ಆದರೆ ವೃದ್ಧರು ಕೂಡಿ ಹಾಡುವ, ಓದುವ, ಚಿತ್ರ ಬರೆಯುವ, ಹೊಸತನ್ನು ಕಲಿಯುವ ಮನೆಗಳ ವಿಷಯದಲ್ಲಿ ಒಪ್ಪುವವರು ವಿರಳ. ಅಂಥ ಸಂಸ್ಥೆಗೆ ಕಷ್ಟಕಾಲ ಬಂದಿತೆಂದರೆ ಆಡಳಿತ ಮಂಡಳಿಯ ಸಭೆಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ: ಅಕ್ಕಿ ಇರಲಿ, ಔಷಧ ಇರಲಿ, ತಂಬೂರಿಯನ್ನು ಸದ್ಯಕ್ಕೆ ಮೂಲೆಗಿಡಿರಿ. ಈ ಮಾತು ನಿರ್ದಯವಾದುದೆಂದು ತಳ್ಳಿಹಾಕುವಂತಿಲ್ಲ. ಹಸಿದವನಿಗೆ ರಾಗಾಲಾಪನೆಯಿಂದ ಹೊಟ್ಟೆ ತುಂಬದೆಂಬುದು ನಿಜವೇ. ಆದರೆ ಸದ್ಯಕ್ಕೆಂದು ಮೂಲೆಗಿಟ್ಟ ತಂಬೂರಿಯು ಮತ್ತೆ ಶ್ರುತಿಗೂಡುವುದು ಅಪರೂಪ. ತರುಣನಿಗೆ ಎರಡು ವರ್ಷ ಪಾಠ ತಪ್ಪಿದರೆ ಮೂರನೆಯ ವರ್ಷ ಕಲಿಯಬಹುದು. ಎಂಬತ್ತು ದಾಟಿದವರಿಗೆ ಆ ಎರಡು ವರ್ಷಗಳೇ ಉಳಿದ ಆಯುಷ್ಯವಾಗಿರಬಹುದು. ೨೦೧೧ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ವರ್ಷ ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಇಷ್ಟು ಜನಕ್ಕೆ ಊಟ ಹಾಕಿ ಮೂಲೆಯಲ್ಲಿ ಕೂರಿಸಿದರೆ ಸಮಾಜದ ಋಣ ತೀರಿತೆನ್ನುವುದು ಶರಣರ ದೃಷ್ಟಿಯಲ್ಲ. ಅವರ ಪ್ರಕಾರ ಕಾಯಕ್ಕೆ ಅನ್ನವು ಹೇಗೋ ಹಾಗೆ ಅರಿವಿಗೆ ಅನುಭಾವದ ಗೋಷ್ಠಿ. ಒಂದನ್ನಿತ್ತು ಮತ್ತೊಂದನ್ನು ಕಸಿದುಕೊಂಡರೆ ಅದು ಅರೆದಾಸೋಹ.

ಈ ವಿಷಯಕ್ಕೆ ಇಟಲಿ ದೇಶದ ಮಿಲಾನೋ ನಗರದ ಒಂದು ನಿದರ್ಶನವು ಬಹಳ ಉಚಿತವಾಗಿದೆ. ಜುಸೆಪ್ಪೆ ವೆರ್ದಿ ಎಂಬ ಸಂಗೀತನಾಟಕಕಾರನು ೧೮೧೩ರ ಅಕ್ಟೋಬರ್ ೧೦ರಂದು ಆ ದೇಶದ ಒಂದು ಹಳ್ಳಿಯಲ್ಲಿ, ಊಟದಂಗಡಿ ನಡೆಸುತ್ತಿದ್ದ ಸಾಮಾನ್ಯ ಗೃಹಸ್ಥನ ಮಗನಾಗಿ ಹುಟ್ಟಿದನು. ಇಪ್ಪತ್ತೇಳು ವರ್ಷ ತುಂಬುವುದರೊಳಗೆ ಎರಡು ಶಿಶುಗಳನ್ನೂ ಹೆಂಡತಿಯನ್ನೂ ಕಳೆದುಕೊಂಡನು. ಮುಂದೆ ಅವನ ಕೃತಿಗಳು ಯೂರೋಪಿನ ರಂಗಗಳಲ್ಲೆಲ್ಲ ಮೆರೆದು ಅವನಿಗೆ ಅಪಾರ ಐಶ್ವರ್ಯವನ್ನು ತಂದವು. ವೆರ್ದಿಯು ಮಂದಿರಕ್ಕೆ ಹೋಗಿ ಮಣಿಯುವ ಭಕ್ತನಾಗಿರಲಿಲ್ಲ. ದೇವರ ವಿಷಯದಲ್ಲಿ ಅವನು ಸಂಶಯವಾದಿಯೆಂದೇ ಬಲ್ಲವರು ಹೇಳುವರು. ಆದರೂ ತನ್ನ ಜೊತೆಯಲ್ಲಿ ಹಾಡಿ, ಬಾರಿಸಿ, ಕುಣಿದು ಬಾಳಿದ ಕಲಾವಿದರನೇಕರು ವೃದ್ಧಾಪ್ಯದಲ್ಲಿ ದಿಕ್ಕಿಲ್ಲದೆ ಇರುವುದನ್ನು ಕಂಡು ಅವನ ಮನಸ್ಸು ಕರಗಿತು. ಮಿಲಾನೋ ನಗರದ ಅಂಚಿನಲ್ಲಿ ಭೂಮಿಯನ್ನು ಕೊಂಡು, ಕಮಿಲ್ಲೊ ಬೊಯಿತೊ ಎಂಬ ಶಿಲ್ಪಿಯಿಂದ ದೊಡ್ಡ ಮನೆಯನ್ನು ಕಟ್ಟಿಸಿದನು. ೧೮೯೯ರಲ್ಲಿ ಮನೆಯು ಸಿದ್ಧವಾಯಿತು. ಕೃತಿಗಳಿಂದ ಬರುತ್ತಿದ್ದ ಸ್ವಾಮ್ಯದ ಹಣವನ್ನು ಅದರ ಜೀವನಕ್ಕಾಗಿ ಬರೆದಿಟ್ಟನು.

ಇಲ್ಲಿ ಎರಡು ಅಂಶಗಳನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಮೊದಲನೆಯದಾಗಿ, ಆ ಮನೆಯನ್ನು ಅನಾಥಾಲಯವೆಂದು ಕರೆಯಲು ಅವನು ಒಪ್ಪಲಿಲ್ಲ; ‘ವಿಶ್ರಾಂತಿಯ ಮನೆ’ ಎಂದು ಹೆಸರಿಟ್ಟನು, ಅಲ್ಲಿ ಬಾಳುವವರು ಅತಿಥಿಗಳೆಂದೇ ಕರೆಯಲ್ಪಟ್ಟರು. ಎರಡನೆಯದು ಇದಕ್ಕಿಂತಲೂ ಮಿಗಿಲು. ಮನೆ ಸಿದ್ಧವಾದ ಮೇಲೆಯೂ ತಾನು ಬದುಕಿರುವವರೆಗೆ ಅದರ ಬಾಗಿಲನ್ನು ತೆರೆಯಲು ಅವನು ಬಿಡಲಿಲ್ಲ. ಒಳಗೆ ಬಂದ ವೃದ್ಧರು ತನಗೆ ಕೈಮುಗಿದು ಕೃತಜ್ಞತೆ ಹೇಳುವರಲ್ಲಾ ಎಂಬುದೇ ಅವನ ಸಂಕೋಚ. ೧೯೦೧ರ ಜನವರಿ ೨೭ರಂದು ಅವನು ತೀರಿಕೊಂಡನು. ಮರುವರ್ಷ ಅಕ್ಟೋಬರ್ ೧೦ರಂದು, ಅವನ ಜನ್ಮದಿನದಲ್ಲಿ, ಮೊದಲ ಅತಿಥಿಗಳು ಒಳಗೆ ಕಾಲಿಟ್ಟರು. ಕೊಟ್ಟವನ ಮುಖವನ್ನು ನೋಡುವ ಹಂಗು ಅವರಿಗೆ ಬರಲಿಲ್ಲ. ಅವನೂ ಅವನ ಪತ್ನಿಯೂ ಆ ಮನೆಯ ಆವರಣದಲ್ಲಿಯೇ ಸಮಾಧಿಸ್ಥರಾಗಿದ್ದಾರೆ. ಕಲ್ಯಾಣದ ಹೆಸರನ್ನೂ ಕೇಳಿರದ ಆ ಪುರುಷನು ದಾಸೋಹವೆಂದರೇನೆಂಬುದನ್ನು ಅರಿತಿದ್ದನೆಂದು ಹೇಳಲು ಅಡ್ಡಿಯಿಲ್ಲ.

ಆದರೆ ಕಥೆ ಅಲ್ಲಿಗೇ ನಿಂತಿದ್ದರೆ ಅದು ಒಬ್ಬ ಶ್ರೀಮಂತನ ಔದಾರ್ಯದ ಕಥೆ ಮಾತ್ರವಾಗುತ್ತಿತ್ತು. ಕೃತಿಸ್ವಾಮ್ಯಕ್ಕೆ ಕಾನೂನಿನಲ್ಲಿ ಅವಧಿಯುಂಟು. ಅದು ಮುಗಿದ ಮೇಲೆ ಕೃತಿಯು ಎಲ್ಲರ ಸ್ವತ್ತು. ೧೯೬೦ರ ದಶಕದ ಆರಂಭದ ಹೊತ್ತಿಗೆ ವೆರ್ದಿಯ ಕೃತಿಗಳ ಅವಧಿ ತೀರಿ, ಮನೆಗೆ ಹರಿದುಬರುತ್ತಿದ್ದ ಆ ಕಾಲುವೆಯು ಬತ್ತಿತು. ಅವನ ನಾಟಕಗಳು ಆಗಲೂ ಲೋಕದಾದ್ಯಂತ ನಡೆಯುತ್ತಿದ್ದವು, ಈಗಲೂ ನಡೆಯುತ್ತಿವೆ. ಆದರೆ ಒಂದು ಕಾಸೂ ಆ ಬಾಗಿಲಿಗೆ ಬರುವಂತಿಲ್ಲ. ಕಟ್ಟಿದವನಿಲ್ಲ, ಅವನ ಆದಾಯವಿಲ್ಲ, ಅತಿಥಿಗಳು ಮಾತ್ರ ಇದ್ದಾರೆ. ಸಂಸ್ಥೆಗಳ ನಿಜವಾದ ಪರೀಕ್ಷೆ ಇಂಥ ವರ್ಷದಲ್ಲಿಯೇ. ಆಗ ಉಳಿದ ಆಸ್ತಿಯ ಉತ್ಪನ್ನದಿಂದಲೂ, ಸಂಗೀತಪ್ರಿಯರು ಕೊಟ್ಟ ಕಾಣಿಕೆಗಳಿಂದಲೂ, ಅತಿಥಿಗಳೇ ತಮ್ಮ ತಮ್ಮ ನಿವೃತ್ತಿವೇತನದಲ್ಲಿ ಶಕ್ತ್ಯನುಸಾರ ಕೊಡುವ ಪಾಲಿನಿಂದಲೂ ಮನೆಯನ್ನು ನಡೆಸುವ ಏರ್ಪಾಡಾಯಿತು. ಒಂದೇ ದೊಡ್ಡ ಕಾಲುವೆಯ ಬದಲು ಅನೇಕ ಸಣ್ಣ ಒರತೆಗಳು. ಅಲ್ಲಿಯ ಪಿಯಾನೋಗಳನ್ನು ಮಾರಿ ಅಕ್ಕಿಯ ಖರ್ಚನ್ನು ತೂಗಿಸಲಿಲ್ಲ. ಅದಕ್ಕೆ ಬದಲಾಗಿ ೧೯೯೦ರ ದಶಕದ ಕೊನೆಯ ವೇಳೆಗೆ ಸಂಗೀತ ಕಲಿಯುವ ಬಡ ವಿದ್ಯಾರ್ಥಿಗಳನ್ನೂ ಅದೇ ಸೂರಿನಡಿ ಇರಿಸಿಕೊಳ್ಳುವ ಪದ್ಧತಿಯನ್ನು ಹಾಕಿಕೊಂಡರು. ಇಪ್ಪತ್ತರ ಹರೆಯದ ಗಾಯಕಿಯೂ ತೊಂಬತ್ತರ ಗಾಯಕಿಯೂ ಒಂದೇ ಪಂಕ್ತಿಯಲ್ಲಿ ಉಣ್ಣುವರು. ಎಳೆಯರು ಹಾಡುವುದನ್ನು ಕೇಳಿ ಹಿರಿಯರು ತಿದ್ದುವರು. ವೃದ್ಧನಿಗೆ ಬರಿಯ ಶುಶ್ರೂಷೆ ದೊರೆತರೆ ಅವನು ರೋಗಿ. ಅವನಿಂದ ಕಲಿಯಲು ಒಬ್ಬರು ಬಂದರೆ ಅವನು ಗುರು.

ಕಷ್ಟಕಾಲದಲ್ಲಿ ಸಂಸ್ಥೆಗಳನ್ನು ಕೆಡಿಸುವುದು ಬರಿಯ ಅಭಾವವಲ್ಲ, ಆತುರದಿಂದ ಸ್ವೀಕರಿಸಿದ ಅಧಿಕವೂ ಕೆಡಿಸುವುದುಂಟು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ವೃತ್ತಾಂತವು ಈ ಓದುಗರಿಗೆ ಅಪರಿಚಿತವಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಳಗೆ ಸೇರಿಸಲಿಲ್ಲ. ನಿತ್ಯದ ಪ್ರಮಾಣಕ್ಕಿಂತ ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಇದನ್ನು ಕೇಳಿದವರು ಸಾಮಾನ್ಯವಾಗಿ ಆಕೆಯ ನಿರಾಶೆಯನ್ನು, ಎಂದರೆ ಆಶಾರಾಹಿತ್ಯವನ್ನು, ಹೊಗಳಿ ಸುಮ್ಮನಾಗುವರು. ಆದರೆ ಆಕೆ ಒಳ್ಳೆಯ ಆಡಳಿತಗಾರ್ತಿಯೂ ಅಹುದು. ಇಂದು ಯಾರದೋ ಕೃಪೆಯಿಂದ ಹೆಚ್ಚಿ ಬಂದ ಅಕ್ಕಿಯ ಮೇಲೆ ದಾಸೋಹವನ್ನು ಬೆಳೆಸಿದರೆ, ನಾಳೆ ಆ ಕೃಪೆ ತಪ್ಪಿದಾಗ ದಾಸೋಹವೂ ತಪ್ಪುವುದು. ತಮ್ಮ ಕಾಯಕದ ಅಳತೆಯಲ್ಲಿ ನಿಂತ ದಾಸೋಹಕ್ಕೆ ಆ ಭಯವಿಲ್ಲ.

ಇದನ್ನು ವೃದ್ಧರ ವಿದ್ಯಾಮನೆಗೆ ಅನ್ವಯಿಸಿ ನೋಡಬೇಕು. ಹೊಸ ಸಭಾಂಗಣಕ್ಕೆ ಹಣ ಕೊಡುವವರು ಸಿಗುವರು, ಏಕೆಂದರೆ ಸಭಾಂಗಣಕ್ಕೆ ಗೋಡೆಯುಂಟು, ಗೋಡೆಗೆ ಅಮೃತಶಿಲೆಯ ಫಲಕವುಂಟು. ವಿದ್ಯುತ್ತಿನ ಬಿಲ್ಲಿಗೆ, ವೀಣೆಯ ತಂತಿಗೆ, ಕಸ ಗುಡಿಸುವವಳ ಸಂಬಳಕ್ಕೆ, ನಡೆಯಲಾರದ ಅಜ್ಜಿಯನ್ನು ಕರೆತರುವ ಆಟೋರಿಕ್ಷಾದ ಬಾಡಿಗೆಗೆ ಕೊಡುವವರು ಸಿಗರು. ಅಲ್ಲಿ ಹೆಸರು ಕೆತ್ತಿಸಲು ಸ್ಥಳವಿಲ್ಲ. ಹೀಗಾಗಿ ಕಟ್ಟಡವು ದೊಡ್ಡದಾಗುತ್ತ ಹೋಗಿ, ಅದರ ದುರಸ್ತಿಯ ಖರ್ಚೇ ಪಾಠದ ಖರ್ಚನ್ನು ನುಂಗುವುದು. ಸ್ಥಾವರವು ಬೆಳೆದು ಜಂಗಮವು ಬಡವಾಗುವುದೆಂದರೆ ಇದೇ. ಮೇಲೆ ಹೇಳಿದ ವೆರ್ದಿಯು ತನ್ನೂರ ಕಡೆಯಲ್ಲಿ ಒಂದು ಆಸ್ಪತ್ರೆಯನ್ನೂ ಕಟ್ಟಿಸಿದ್ದನು, ೧೮೮೮ರಲ್ಲಿ. ಅದಕ್ಕೆ ತನ್ನ ಹೆಸರನ್ನು ಇಡಗೊಡಲಿಲ್ಲ. ನಮ್ಮ ನಾಡಿನ ಫಲಕಪ್ರಿಯರು ಇದನ್ನು ಕೇಳಿದರೆ ನಂಬುವುದು ಕಷ್ಟ!

ಕಟ್ಟಡವೂ ಇಲ್ಲದೆ, ದೊಡ್ಡ ದಾನಿಯೂ ಇಲ್ಲದೆ ಇಂಥ ಕಾರ್ಯವು ನಡೆಯಲಾರದೆ? ೧೯೭೩ರಲ್ಲಿ ಫ್ರಾನ್ಸ್ ದೇಶದ ತುಲೂಸ್ ನಗರದಲ್ಲಿ ಪಿಯೆರ್ ವೆಲ್ಲಾಸ್ ಎಂಬ ಪ್ರಾಧ್ಯಾಪಕನು ನಿವೃತ್ತರಿಗಾಗಿ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ವೆಂಬುದನ್ನು ತೆರೆದನು. ಅದು ಅಲ್ಲಿಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಅಲ್ಲಿಯ ಪಂಡಿತರ ಉಪನ್ಯಾಸಗಳಿಂದ ನಡೆಯುವಂಥದು. ಕೆಲವು ವರ್ಷಗಳ ಮೇಲೆ ಆ ಕಲ್ಪನೆಯು ಇಂಗ್ಲೆಂಡಿಗೆ ಹೋದಾಗ ಅದರ ರೂಪವೇ ಬದಲಾಯಿತು. ಪೀಟರ್ ಲಾಸ್ಲೆಟ್, ಮೈಕಲ್ ಯಂಗ್, ಎರಿಕ್ ಮಿಡ್‌ವಿಂಟರ್ ಎಂಬ ಮೂವರು ೧೯೮೦ರ ದಶಕದ ಮೊದಲಲ್ಲಿ, ಕೇಂಬ್ರಿಜ್ ನಗರದಿಂದ ಆರಂಭಿಸಿ, ಸಂಬಳದ ಅಧ್ಯಾಪಕರಿಲ್ಲದ, ಪರೀಕ್ಷೆಯಿಲ್ಲದ, ಪದವಿಯಿಲ್ಲದ ಒಂದು ಪದ್ಧತಿಯನ್ನು ರೂಢಿಗೆ ತಂದರು. ಅಲ್ಲಿ ಸದಸ್ಯರೇ ಗುರುಗಳು, ಸದಸ್ಯರೇ ಶಿಷ್ಯರು. ಸೋಮವಾರ ಭೂಗರ್ಭಶಾಸ್ತ್ರ ಹೇಳಿದ ಮುದುಕನು ಬುಧವಾರ ನೆರೆಮನೆಯ ಮುದುಕಿಯ ಕಾಲಬಳಿ ಕುಳಿತು ಹಾಡು ಕಲಿಯಬಹುದು. ಸಣ್ಣ ಚಂದಾ, ಯಾರದೋ ಮನೆಯ ನಡುಮನೆ, ಅಗತ್ಯಬಿದ್ದರೆ ಬಾಡಿಗೆಯ ಒಂದು ಕೋಣೆ. ಇಷ್ಟೇ ಅದರ ಬಂಡವಾಳ. ಸರಕಾರದ ಅನುದಾನವನ್ನು ನೆಚ್ಚಿರದ ಕಾರಣ ಅನುದಾನದ ಕಡಿತವು ಅದನ್ನು ಮುಟ್ಟಲಿಲ್ಲ. ನಾಲ್ಕು ದಶಕಗಳೊಳಗಾಗಿ ಬ್ರಿಟನ್ನಿನಲ್ಲಿ ಇಂಥ ಕೂಟಗಳು ಸಾವಿರವನ್ನು ದಾಟಿ, ಸದಸ್ಯರು ನಾಲ್ಕು ಲಕ್ಷವನ್ನು ಮೀರಿದರು. ಅಕ್ಕಸಾಲೆ, ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ ಎಲ್ಲರೂ ಕುಳಿತು ಒಬ್ಬರಿಗೊಬ್ಬರು ಹೇಳಿ ಕೇಳಿದ ಅನುಭವಮಂಟಪದ ಸ್ಮರಣೆ ಇರುವವರಿಗೆ ಈ ಪದ್ಧತಿಯು ಹೊಸದಾಗಿ ತೋರದು.

ಆದರೂ ಈ ಪದ್ಧತಿಯಲ್ಲಿ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಬಾರದು. ಓದುಬರಹ ಬಲ್ಲ, ನಡೆದಾಡಬಲ್ಲ, ನಿವೃತ್ತಿವೇತನವುಳ್ಳ ವೃದ್ಧರಿಗೆ ಇದು ಸುಲಭ. ಹೊಲದಲ್ಲಿ ದುಡಿದು ಬೆನ್ನು ಬಾಗಿದವರಿಗೆ, ಕಣ್ಣು ಮಂಜಾದವರಿಗೆ, ಸೊಸೆಯ ಅಪ್ಪಣೆಯಿಲ್ಲದೆ ಮನೆಯ ಹೊಸಿಲು ದಾಟಲಾರದವರಿಗೆ ಯಾರಾದರೂ ಹೋಗಿ ಕರೆತರಬೇಕಾಗುತ್ತದೆ. ಅದಕ್ಕೆ ಸಂಬಳದ ಕೆಲವರಾದರೂ ಬೇಕು, ವಾಹನ ಬೇಕು, ಆದ್ದರಿಂದ ಹಣವೂ ಬೇಕು. ಕನ್ನಡನಾಡಿನಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಅಂಧರಿಗೂ ಅನಾಥರಿಗೂ ಸಂಗೀತ ಕಲಿಸುವಾಗ ಇದೇ ಪ್ರಶ್ನೆ ಎದುರಾಯಿತು. ಅವರು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು, ನಾಟಕ ಮಂಡಳಿಯನ್ನು ನಡೆಸಿದರು. ಕಲಿತ ಕಲೆಯೇ ಕಲಿಯುವವರಿಗೆ ಅನ್ನವಾಯಿತು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ, ತೊಂಬತ್ತಾರು ವರ್ಷ ತುಂಬಿದ ಮೇಲೆ, ಗದುಗಿನ ಪುಣ್ಯಾಶ್ರಮದ ಗುರುಗಳಾಗಿಯೇ ಕಾಯ ಬಿಟ್ಟರು. ಅದು ಎಳೆಯರ ಪಾಠಶಾಲೆಯಾದರೂ ವೃದ್ಧಾಪ್ಯದ ವಿಷಯದಲ್ಲಿಯೂ ಬೇಕಾದಷ್ಟನ್ನು ಹೇಳುತ್ತದೆ.

೨೦೨೦ರಲ್ಲಿ ಬಂದ ಮಹಾಮಾರಿಯು ಹಣವಿದ್ದ ಮನೆಗಳನ್ನೂ ಮುಚ್ಚಿಸಿತು. ಯೂರೋಪಿನಲ್ಲಿ ಅದು ಮೊದಲು ಉಗ್ರವಾಗಿ ಹಬ್ಬಿದ್ದೇ ಮಿಲಾನೋ ನಗರವಿರುವ ಲೊಂಬಾರ್ದಿಯ ಪ್ರಾಂತದಲ್ಲಿ. ಭಾರತದಲ್ಲಿ ಮಾರ್ಚ್ ೨೫ರಿಂದ ದೇಶವೇ ಬಾಗಿಲಿಕ್ಕಿತು. ಮುಂದೆ ನಿರ್ಬಂಧಗಳು ಸಡಿಲವಾದಾಗಲೂ ಅರವತ್ತೈದು ದಾಟಿದವರು ಮನೆಯಲ್ಲಿಯೇ ಇರಬೇಕೆಂದು ಸರಕಾರದ ಸೂಚನೆಯಿತ್ತು. ಕೂಡಿ ಕುಳಿತುಕೊಳ್ಳುವುದೇ ಅಪಾಯವಾದಾಗ ಕೂಟವು ಹೇಗೆ ಉಳಿದೀತು? ಬ್ರಿಟನ್ನಿನ ಕೂಟಗಳಲ್ಲಿ ಅನೇಕವು ಗಣಕಯಂತ್ರದ ಪರದೆಯ ಮೂಲಕ ಪಾಠಗಳನ್ನು ಮುಂದುವರಿಸಿದವು. ಪರದೆಯ ಪಾಠವು ಪಂಕ್ತಿಯ ಪಾಠಕ್ಕೆ ಸಮವಲ್ಲ. ಕಿವಿ ಮಂದವಾದವರಿಗೆ ಅದು ದಂಡನೆಯೇ ಸರಿ. ಆದರೆ ದಿನಕ್ಕೊಮ್ಮೆ ದೂರವಾಣಿಯಲ್ಲಿ ಹೆಸರು ಹಿಡಿದು ಕರೆದು, ನಿನ್ನೆ ಹೇಳಿದ ಪದ್ಯ ನೆನಪಿದೆಯೇ ಎಂದು ಕೇಳುವ ಒಂದು ಧ್ವನಿಗೆ ಗೋಡೆಯೂ ಬೇಕಿಲ್ಲ, ಚಂದಾವೂ ಬೇಕಿಲ್ಲ.

ಬೊಕ್ಕಸ ಬರಿದಾದ ಸಂಸ್ಥೆಗಳ ಹಿರಿಯರು ಮಾಡಬಹುದಾದುದು ಇನ್ನೂ ಉಂಟು. ಆರು ದಿನ ತೆರೆಯಲು ಸಾಧ್ಯವಿಲ್ಲದಿದ್ದರೆ ಎರಡು ದಿನ ತೆರೆಯಬಹುದು. ಆದರೆ ಆ ಎರಡು ದಿನ ತಪ್ಪಬಾರದು, ಏಕೆಂದರೆ ಮುಚ್ಚಿದ ಬಾಗಿಲಿನ ಮುಂದೆ ಒಮ್ಮೆ ನಿಂತು ಹಿಂದಿರುಗಿದ ಮುದುಕನು ಎರಡನೆಯ ಬಾರಿ ಬರುವುದಿಲ್ಲ. ಲೆಕ್ಕದ ಪುಸ್ತಕವನ್ನು ಕೆಲವರೇ ಬಚ್ಚಿಟ್ಟುಕೊಂಡು ಕೊರಗುವ ಬದಲು, ಬಂದ ವೃದ್ಧರ ಮುಂದೆಯೇ ಗಟ್ಟಿಯಾಗಿ ಓದಬೇಕು. ಅವರಲ್ಲಿ ನಲವತ್ತು ವರ್ಷ ಅಂಗಡಿ ನಡೆಸಿದವರಿರುತ್ತಾರೆ, ಗುಮಾಸ್ತಿಕೆ ಮಾಡಿದವರಿರುತ್ತಾರೆ, ಬರಗಾಲದಲ್ಲಿ ಆರು ಮಕ್ಕಳ ಸಂಸಾರವನ್ನು ತೂಗಿಸಿದ ತಾಯಂದಿರಿರುತ್ತಾರೆ. ಎಲ್ಲಿ ಎರಡು ರೂಪಾಯಿ ಉಳಿಯುವುದೆಂಬುದು ಮಂಡಳಿಯ ಕಾರ್ಯದರ್ಶಿಗಿಂತ ಆ ತಾಯಂದಿರಿಗೆ ಚೆನ್ನಾಗಿ ಗೊತ್ತು. ಅವರನ್ನು ಕೇಳಿದವರು ಮಾತ್ರ ಇದುವರೆಗೆ ಕಡಿಮೆ.